ಕಿರ್ದಿ ಪುಸ್ತಕ ಯಾರ ಕೈಯಲ್ಲಿರಬೇಕು?



ಈಚೆಗೆ ನಮ್ಮ ಸಂಘದ ಕಚೇರಿಗೆ ಎರಡು ಬಗೆಯ ಜನ 'ಬ್ಲಾಕ್‌ಚೈನ್' ಎಂಬ ಒಂದೇ ಶಬ್ದವನ್ನು ಹಿಡಿದುಕೊಂಡು ಬರುತ್ತಿದ್ದಾರೆ. ಮೊದಲನೆಯವರು ಇಸ್ತ್ರಿ ಅಂಗಿ ತೊಟ್ಟು, ಕೈಯಲ್ಲೊಂದು ಟ್ಯಾಬ್ ಹಿಡಿದು, ಯಾವುದೋ ಖರೀದಿದಾರ ಕಂಪೆನಿಯ ಪರವಾಗಿ ಬರುವವರು. ನಿಮ್ಮ ಸದಸ್ಯರ ಪಟ್ಟಿ, ಸರ್ವೆ ನಂಬರು, ತೋಟದ ಅಕ್ಷಾಂಶ-ರೇಖಾಂಶ ಕೊಟ್ಟುಬಿಡಿ, ಎಲ್ಲವನ್ನೂ ಬ್ಲಾಕ್‌ಚೈನಿಗೆ ಏರಿಸುತ್ತೇವೆ, ಆಮೇಲೆ ಯುರೋಪಿನ ಬಾಗಿಲು ತಾನಾಗಿ ತೆರೆಯುತ್ತದೆ ಎನ್ನುತ್ತಾರೆ. ಎರಡನೆಯವರು ನಮ್ಮ ನಿಮ್ಮ ಮನೆಯ ಹುಡುಗರೇ. ಹಬ್ಬಕ್ಕೋ ಕೊಯ್ಲಿಗೋ ಬೆಂಗಳೂರಿನಿಂದ ಬಂದವರು ಮೊಬೈಲಿನಲ್ಲಿ ಬಿಟ್‌ಕಾಯಿನ್ ದರ ತೋರಿಸಿ, "ಚಿಕ್ಕಪ್ಪ, ಸಂಘದ ಠೇವಣಿಯಲ್ಲಿ ಸ್ವಲ್ಪವನ್ನಾದರೂ ಇದರಲ್ಲಿ ಹಾಕಿ ನೋಡಿ" ಎನ್ನುತ್ತಾರೆ.

ಮೊದಲನೆಯವರ ಮುಂದೆ ಬಿಟ್‌ಕಾಯಿನ್ ಹೆಸರೆತ್ತಿದರೆ ಮುಖ ಸಿಂಡರಿಸಿ, "ಅದು ಜೂಜು ಸ್ವಾಮಿ, ನಮ್ಮದು ಉದ್ಯಮ" ಎನ್ನುತ್ತಾರೆ. ಹುಡುಗರ ಮುಂದೆ ಕಂಪೆನಿಯ ಮಾತೆತ್ತಿದರೆ, "ಅದು ಬ್ಲಾಕ್‌ಚೈನೇ ಅಲ್ಲ, ಕಂಪೆನಿಯ ಗುಮಾಸ್ತೆ ಬರೆದಿಟ್ಟ ಪುಸ್ತಕ, ಹೆಸರು ಮಾತ್ರ ಹೊಸದು" ಎನ್ನುತ್ತಾರೆ. ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು ಎಂಬ ಹಾಗಿದೆ. ವಿಷಯವನ್ನು ತಕ್ಕಮಟ್ಟಿಗೆ ಓದಿ, ಕೇಳಿ, ವಿಚಾರಿಸಿದ ಮೇಲೆ ನಮಗೆ ತೋರುವುದೇನೆಂದರೆ, ಒಬ್ಬರನ್ನು ಕುರಿತು ಇನ್ನೊಬ್ಬರು ಆಡುವ ಆಕ್ಷೇಪದಲ್ಲಿ ಎರಡೂ ಕಡೆ ಹುರುಳಿದೆ. ಒಬ್ಬರ ಬಳಿ ಇಲ್ಲದ್ದು ಇನ್ನೊಬ್ಬರ ಬಳಿ ಇದೆ. ಸಂಘವು ಯಾವ ಕಾಗದಕ್ಕಾದರೂ ಸಹಿ ಹಾಕುವ ಮುನ್ನ ಸದಸ್ಯರು ಇದನ್ನು ತಿಳಿದಿರುವುದು ಒಳ್ಳೆಯದೆಂದು ಈ ನಾಲ್ಕು ಮಾತು ಬರೆಯುತ್ತಿದ್ದೇವೆ.

ಬ್ಲಾಕ್‌ಚೈನಿನ ಮೂಲ ಉಪಾಯ ನಮ್ಮ ಕಿರ್ದಿ ಪುಸ್ತಕದ್ದೇ. ಕಿರ್ದಿಯಲ್ಲಿ ಒಂದು ಪುಟ ತುಂಬಿದಾಗ ಗುಮಾಸ್ತರು ಕೆಳಗೆ ಮೊತ್ತ ಹಾಕಿ 'ಮುಂದಿನ ಪುಟಕ್ಕೆ' ಎಂದು ಬರೆಯುತ್ತಾರೆ. ಮುಂದಿನ ಪುಟ 'ಹಿಂದಿನ ಪುಟದಿಂದ' ಎಂದು ಅದೇ ಮೊತ್ತದಿಂದ ಆರಂಭವಾಗುತ್ತದೆ. ನಡುವಿನ ಒಂದು ಪುಟದಲ್ಲಿ ಯಾರಾದರೂ ಅಂಕಿ ತಿದ್ದಿದರೆ ಅಲ್ಲಿಂದಾಚೆಯ ಎಲ್ಲ ಮೊತ್ತವನ್ನೂ ತಿದ್ದುತ್ತಾ ಹೋಗಬೇಕು. ಬ್ಲಾಕ್‌ಚೈನಿನಲ್ಲಿ ಮೊತ್ತದ ಬದಲು ಪುಟದ ಅಷ್ಟೂ ಬರಹದ ಹೆಬ್ಬೆಟ್ಟಿನ ಗುರುತು ಮುಂದಿನ ಪುಟಕ್ಕೆ ಹೋಗುತ್ತದೆ. ಬರಹವನ್ನೆಲ್ಲ ಒಂದು ಗಣಿತ ಸೂತ್ರದಲ್ಲಿ ಹಾಕಿ ಅರೆದರೆ 64 ಅಕ್ಷರ-ಅಂಕಿಗಳ ಒಂದು ಸಾಲು ಸಿಗುತ್ತದೆ. ಅದೇ ಆ ಪುಟದ ಗುರುತು. ಪುಟದಲ್ಲಿ ಒಂದು ಚುಕ್ಕೆ ಬದಲಾದರೂ ಗುರುತು ಪೂರಾ ಬದಲಾಗುತ್ತದೆ. ಗುರುತನ್ನು ನೋಡಿ ಬರಹ ಏನಿತ್ತೆಂದು ಹಿಂದಕ್ಕೆ ಲೆಕ್ಕ ಹಾಕಲು ಬರುವುದಿಲ್ಲ.

ಇಷ್ಟೇ ಆಗಿದ್ದರೆ ಏನೂ ದೊಡ್ಡದಲ್ಲ. ಪುಸ್ತಕ ಒಬ್ಬನ ಬೀರುವಿನಲ್ಲೇ ಇದ್ದರೆ ಅವನು ಪುರುಸೊತ್ತು ಮಾಡಿಕೊಂಡು ಎಲ್ಲ ಪುಟಗಳನ್ನೂ ಹೊಸದಾಗಿ ಬರೆದಿಡಬಹುದು. ಆದ್ದರಿಂದ ಎರಡನೆಯ ಉಪಾಯವೇ ಮುಖ್ಯವಾದದ್ದು: ಪುಸ್ತಕದ ಪೂರ್ತಿ ನಕಲು ಅನೇಕರ ಬಳಿ ಇರಬೇಕು, ಹೊಸ ಪುಟ ಸೇರಿಸುವಾಗ ಅವರೆಲ್ಲ ತಾಳೆ ನೋಡಿ ಒಪ್ಪಬೇಕು. ಇದೂ ನಮಗೆ ಹೊಸದಲ್ಲ. ಸಂಘದ ಲೆಡ್ಜರಿನಲ್ಲಿ ಬರೆದದ್ದನ್ನು ಸದಸ್ಯರ ಪಾಸ್‌ಪುಸ್ತಕದಲ್ಲೂ ಬರೆದುಕೊಡುವುದು ಯಾಕಾಗಿ? ಲೆಕ್ಕಪರಿಶೋಧಕರಿಗೆ ಒಂದು ಖಾತೆಯ ಮೇಲೆ ಅನುಮಾನ ಬಂದರೆ ಅವರು ಮೊದಲು ಹೇಳುವ ಮಾತು, "ಸದಸ್ಯರ ಪಾಸ್‌ಪುಸ್ತಕ ತರಿಸಿ". 1905ರಲ್ಲಿ ಗದಗದ ಬಳಿಯ ಕಣಗಿನಹಾಳದಲ್ಲಿ ಸಿದ್ದನಗೌಡ ಪಾಟೀಲರು ಸಹಕಾರ ಸಂಘ ಕಟ್ಟಿದಾಗಿನಿಂದ ಈ ಚಳವಳಿ ನಿಂತಿರುವುದು, ಲೆಕ್ಕ ಒಬ್ಬನ ಕೈಯಲ್ಲಿ ಇರಬಾರದು ಎಂಬ ಇದೇ ತತ್ತ್ವದ ಮೇಲೆ.

ಈ ಉಪಾಯಕ್ಕೆ ಜೀವ ಬಂದದ್ದು ಬಿಟ್‌ಕಾಯಿನಿನಿಂದ. 2008ರ ಅಕ್ಟೋಬರ್ 31ರಂದು ಸತೋಶಿ ನಕಮೊಟೊ ಎಂಬ ಹೆಸರಿನಲ್ಲಿ ಒಂಬತ್ತು ಪುಟದ ಒಂದು ಬರಹ ಹೊರಬಂತು. ಆ ಹೆಸರಿನ ಹಿಂದೆ ಯಾರಿದ್ದರೆಂಬುದು ಇಂದಿಗೂ ಬಯಲಾಗಿಲ್ಲ. ಅಮೆರಿಕದಲ್ಲಿ ಲೆಹ್ಮನ್ ಬ್ರದರ್ಸ್ ಮುಳುಗಿ ಇನ್ನೂ ಎರಡು ತಿಂಗಳಾಗಿರಲಿಲ್ಲ. 2009ರ ಜನವರಿ 3ರಂದು ಬರೆದ ಮೊದಲ ಪುಟದಲ್ಲೇ, ಬ್ಯಾಂಕುಗಳಿಗೆ ಸರ್ಕಾರ ಎರಡನೆಯ ಸಲ ನೆರವು ಕೊಡಲಿದೆಯೆಂಬ ಅಂದಿನ ಲಂಡನ್ ಪತ್ರಿಕೆಯ ತಲೆಬರಹವನ್ನು ಅಚ್ಚೊತ್ತಿಟ್ಟಿದ್ದಾರೆ. ಬ್ಯಾಂಕನ್ನೂ ಸರ್ಕಾರವನ್ನೂ ನಂಬಿ ಕೆಟ್ಟೆವು, ಯಾರನ್ನೂ ನಂಬದೆ ನಡೆಯುವ ಲೆಕ್ಕ ಬೇಕು ಎಂಬ ಸಿಟ್ಟು ಆ ಪಂಥದ ಹುಟ್ಟಿನಲ್ಲೇ ಇದೆ. ಒಟ್ಟು ನಾಣ್ಯ 2 ಕೋಟಿ 10 ಲಕ್ಷ ಮೀರಬಾರದು, ಸುಮಾರು ಹತ್ತು ನಿಮಿಷಕ್ಕೊಂದು ಪುಟ, ಪುಟ ಬರೆಯುವ ಹಕ್ಕಿಗಾಗಿ ಜಗತ್ತಿನಾದ್ಯಂತ ಗಣಕಯಂತ್ರಗಳ ಪೈಪೋಟಿ. ಇಷ್ಟು ಅದರ ಕಟ್ಟಳೆ. ಆ ಪೈಪೋಟಿ ನುಂಗುವ ವಿದ್ಯುಚ್ಛಕ್ತಿ ಮಾತ್ರ ಅಪಾರ. ಎಥೀರಿಯಮ್ ಎಂಬ ಇನ್ನೊಂದು ದೊಡ್ಡ ಜಾಲ 2022ರ ಸೆಪ್ಟೆಂಬರಿನಲ್ಲಿ ಬೇರೆ ಪದ್ಧತಿಗೆ ಹೊರಳಿ ಈ ಖರ್ಚಿನಲ್ಲಿ ಶೇ. 99ಕ್ಕಿಂತ ಹೆಚ್ಚನ್ನು ಉಳಿಸಿತು. ಆದರೆ ಅಲ್ಲಿ ಹಣ ಹೆಚ್ಚು ಕಟ್ಟಿದವನಿಗೆ ಪುಟ ಬರೆಯುವ ಅವಕಾಶ ಹೆಚ್ಚು. ನಮ್ಮಲ್ಲಿ ನೂರು ಎಕರೆಯವರಿಗೂ ಒಂದು ಎಕರೆಯವರಿಗೂ ಒಂದೇ ಮತವೆಂಬುದನ್ನು ಹುಡುಗರಿಗೆ ಆಗಾಗ ನೆನಪಿಸುವುದುಂಟು.

ಇದರ ಸುತ್ತ ಬೆಳೆದ ಜನರಿಗೆ ತಮ್ಮದೇ ಮಾತು, ತಮ್ಮದೇ ಹಾಸ್ಯ, ತಮ್ಮದೇ ಹಬ್ಬ. 2010ರ ಮೇ 22ರಂದು ಅಮೆರಿಕದ ಒಬ್ಬಾತ 10,000 ಬಿಟ್‌ಕಾಯಿನ್ ಕೊಟ್ಟು ಎರಡು ಪಿಜ್ಜಾ ತರಿಸಿಕೊಂಡದ್ದನ್ನು ವರ್ಷವರ್ಷವೂ ನೆನೆಯುತ್ತಾರೆ. 2013ರಲ್ಲಿ ಒಬ್ಬ ಉತ್ಸಾಹಿ 'ಹೋಲ್ಡ್' ಎಂಬುದನ್ನು ತಪ್ಪಾಗಿ 'ಹೋಡ್ಲ್' ಎಂದು ಬರೆದದ್ದೇ ಮಂತ್ರವಾಯಿತು: ದರ ಎಷ್ಟು ಬಿದ್ದರೂ ಮಾರಬೇಡ, ಹಿಡಿದಿಟ್ಟುಕೋ. ಇದನ್ನು ಕೇಳಿ ನಮ್ಮ ಚಾಲಿ ಅಡಿಕೆಯ ಸದಸ್ಯರೊಬ್ಬರು, "ಇದರಲ್ಲೇನು ಹೊಸದು? ಅಟ್ಟದ ಮೇಲೆ ಮೂರು ವರ್ಷದ ಅಡಿಕೆ ಇಟ್ಟುಕೊಂಡು ಕೂತವರು ನಾವು" ಎಂದರು. ಮಾತು ತಮಾಷೆಯದಾದರೂ ವ್ಯತ್ಯಾಸವೊಂದಿದೆ. ಹಳೆ ಚಾಲಿಯನ್ನು ಕೊನೆಗೆ ಯಾರಾದರೂ ಅಗಿಯುತ್ತಾರೆ. ಬಿಟ್‌ಕಾಯಿನಿಗೆ ಇನ್ನೊಬ್ಬ ಕೊಳ್ಳುವವನ ಹೊರತು ಬೇರೆ ಬಾಯಿಲ್ಲ.

ಆದರೂ ಆ ಪಂಥದ ಎರಡು ಮಾತು ನಮಗೆ ಹಿಡಿಸಿವೆ. ಒಂದು, 'ನಂಬಬೇಡ, ತಾಳೆ ನೋಡು'. ಇನ್ನೊಂದು, 'ಕೀಲಿಕೈ ನಿನ್ನದಲ್ಲದಿದ್ದರೆ ನಾಣ್ಯವೂ ನಿನ್ನದಲ್ಲ'. ಯಾರ ಅಪ್ಪಣೆಯನ್ನೂ ಕೇಳದೆ ಯಾವನಾದರೂ ಪೂರ್ತಿ ಪುಸ್ತಕದ ನಕಲನ್ನು ಇಳಿಸಿಕೊಂಡು, ಮೊದಲ ಪುಟದಿಂದ ತಾನೇ ತಾಳೆ ನೋಡಬಹುದೆಂಬುದು ಸಣ್ಣ ಸಂಗತಿಯಲ್ಲ.

ಇನ್ನು ಉದ್ಯಮದವರ ಕಡೆ ಬರೋಣ. ನಾಣ್ಯ ಬೇಡ, ಅದರ ಹಿಂದಿನ ಪುಸ್ತಕ ಮಾತ್ರ ಸಾಕು ಎಂದು ಅವರು ಹೊರಟದ್ದು ಸುಮಾರು 2015ರಿಂದ. ಆ ವರ್ಷದ ಡಿಸೆಂಬರಿನಲ್ಲಿ ಲಿನಕ್ಸ್ ಫೌಂಡೇಶನ್ನಿನ ಆಶ್ರಯದಲ್ಲಿ ಹೈಪರ್‌ಲೆಡ್ಜರ್ ಎಂಬ ಯೋಜನೆ ಆರಂಭವಾಯಿತು. ಇಲ್ಲಿ ಪುಸ್ತಕ ಎಲ್ಲರಿಗೂ ತೆರೆದದ್ದಲ್ಲ. ಆಹ್ವಾನ ಇದ್ದವರಿಗೆ ಮಾತ್ರ ಒಳಗೆ ಪ್ರವೇಶ. ಜೆ.ಪಿ. ಮಾರ್ಗನ್ ಬ್ಯಾಂಕಿನ ಮುಖ್ಯಸ್ಥ ಜೇಮಿ ಡೈಮನ್ 2017ರಲ್ಲಿ ಬಿಟ್‌ಕಾಯಿನನ್ನು ಮೋಸವೆಂದು ಕರೆದರು. 2019ರಲ್ಲಿ ಅದೇ ಬ್ಯಾಂಕು ತನ್ನದೇ ಡಿಜಿಟಲ್ ನಾಣ್ಯವನ್ನು ಪ್ರಕಟಿಸಿತು. ಊಟ ಬೇಡವೆನ್ನುತ್ತಲೇ ಎಲೆ ಹಾಕಿಸಿಕೊಂಡಂತೆ.

ಈ ಮುಚ್ಚಿದ ಪುಸ್ತಕಗಳಿಂದ ಪ್ರಯೋಜನವೇ ಆಗಿಲ್ಲವೆಂದು ಹೇಳಲಾಗದು. ವಾಲ್‌ಮಾರ್ಟ್ ಅಂಗಡಿಯವರು ಒಂದು ಮಾವಿನ ಹೋಳಿನ ಪೊಟ್ಟಣ ಯಾವ ತೋಟದಿಂದ ಬಂತೆಂದು ಹುಡುಕಿಸಿದಾಗ ಹಳೆಯ ಕಾಗದ-ಪತ್ರಗಳಲ್ಲಿ 6 ದಿನ 18 ಗಂಟೆ 26 ನಿಮಿಷ ಹಿಡಿಯಿತಂತೆ. ಐಬಿಎಂ ಸಹಾಯದಿಂದ ಮಾಡಿದ ಬ್ಲಾಕ್‌ಚೈನಿನಲ್ಲಿ 2.2 ಸೆಕೆಂಡು. ಕಾಫಿಯಲ್ಲೂ ಪ್ರಯತ್ನ ನಡೆದಿದೆ. ನಮ್ಮ ಕಾಫಿ ಬೋರ್ಡು 2019ರ ಮಾರ್ಚ್ 28ರಂದು ಬೆಳೆಗಾರರನ್ನೂ ಕೊಳ್ಳುವವರನ್ನೂ ನೇರವಾಗಿ ಸೇರಿಸುವ ಉದ್ದೇಶದಿಂದ ಬ್ಲಾಕ್‌ಚೈನ್ ಆಧಾರಿತ ಮಾರುಕಟ್ಟೆಯನ್ನು ಪ್ರಾಯೋಗಿಕವಾಗಿ ಆರಂಭಿಸಿತು. 2020ರ ಜನವರಿಯಲ್ಲಿ ಫಾರ್ಮರ್ ಕನೆಕ್ಟ್ ಎಂಬ ಸಂಸ್ಥೆ ಐಬಿಎಂ ಜೊತೆ ಸೇರಿ 'ಥ್ಯಾಂಕ್ ಮೈ ಫಾರ್ಮರ್' ಎಂಬ ಆ್ಯಪನ್ನು ಹೊರತಂದಿತು. ಪೊಟ್ಟಣದ ಮೇಲಿನ ಗುರುತನ್ನು ಮೊಬೈಲಿಗೆ ತೋರಿಸಿದರೆ ಕಾಫಿ ಎಲ್ಲಿಂದ ಬಂತೆಂದು ಕುಡಿಯುವವನಿಗೆ ತಿಳಿಯುತ್ತದೆ. ಮನಸ್ಸಾದರೆ ಬೆಳೆಗಾರರ ಊರಿನ ಕೆಲಸಕ್ಕೆ ದೇಣಿಗೆಯನ್ನೂ ಕೊಡಬಹುದು. ಕೃತಜ್ಞತೆ ಒಳ್ಳೆಯದೇ, ಬೇಡವೆನ್ನುವುದಿಲ್ಲ. ನಮಗೆ ಬೇಕಾದದ್ದು ದರ.

ಪೂಲ್ ಪದ್ಧತಿಯಲ್ಲಿ ಕಾಫಿ ಒಪ್ಪಿಸಿದ ಹಿರಿಯ ಸದಸ್ಯರು ಇನ್ನೂ ನಮ್ಮ ನಡುವೆ ಇದ್ದಾರೆ. ಆಗ ಕ್ಯೂರಿಂಗ್ ವರ್ಕ್ಸಿಗೆ ಹೋದ ಕಾಫಿ ಎಲ್ಲರ ಕಾಫಿಯೊಳಗೆ ಒಂದಾಗಿ ಹೆಸರು ಕಳೆದುಕೊಳ್ಳುತ್ತಿತ್ತು. ಹಣ ಪಾಯಿಂಟಿನ ಲೆಕ್ಕದಲ್ಲಿ ಕಂತುಕಂತಾಗಿ ಬರುತ್ತಿತ್ತು. 1996ರಲ್ಲಿ ಅದು ಪೂರಾ ಮುಗಿಯಿತು. ಈಗಿನ ಮಾತು ತಿರುಗುಮುರುಗು. ಕಾಫಿಗೆ ಹೆಸರು ಬೇಕು, ಊರು ಬೇಕು, ತೋಟದ ಮೂಲೆ ಬೇಕು. ಅಷ್ಟೆಲ್ಲ ಬರೆದಿಟ್ಟ ಪುಸ್ತಕ ಎಲ್ಲಿರುತ್ತದೆ ಎಂದು ಕೇಳಿದರೆ ಟ್ಯಾಬ್ ಹಿಡಿದ ಯುವಕರು "ಕ್ಲೌಡಿನಲ್ಲಿ" ಎನ್ನುತ್ತಾರೆ. ಮೋಡ ನಮ್ಮ ಮಲೆನಾಡಿನಲ್ಲಿ ಬೇಕಾದಷ್ಟಿದೆ. ಯಾರ ಕ್ಲೌಡು ಎಂಬುದು ನಮ್ಮ ಪ್ರಶ್ನೆ.

2022ರ ನವೆಂಬರ್ ತಿಂಗಳನ್ನು ಸದಸ್ಯರು ನೆನಪಿಟ್ಟುಕೊಳ್ಳಬೇಕು. ಆ ಒಂದೇ ತಿಂಗಳಲ್ಲಿ ಎರಡೂ ಕಡೆಯ ದೊಡ್ಡ ಮನೆಗಳು ಉರುಳಿದವು. ನವೆಂಬರ್ 11ರಂದು ಎಫ್‌ಟಿಎಕ್ಸ್ ಎಂಬ ಕ್ರಿಪ್ಟೋ ನಾಣ್ಯದ ವಿನಿಮಯ ಸಂಸ್ಥೆ ದಿವಾಳಿಯಾಯಿತು. ಗ್ರಾಹಕರು ಇಟ್ಟಿದ್ದ ಹಣವನ್ನು ಅದರ ಯಜಮಾನ ತನ್ನದೇ ಇನ್ನೊಂದು ಸಂಸ್ಥೆಗೆ ದಾಟಿಸಿದ್ದ. ಕೊರತೆ ಸುಮಾರು 800 ಕೋಟಿ ಡಾಲರ್. 2024ರಲ್ಲಿ ಆತನಿಗೆ 25 ವರ್ಷ ಜೈಲು ಶಿಕ್ಷೆಯಾಯಿತು. 'ಕೀಲಿಕೈ ನಿನ್ನದಲ್ಲದಿದ್ದರೆ' ಎಂಬ ಮಂತ್ರವನ್ನು ಜಪಿಸುತ್ತಿದ್ದ ಜನರೇ ಕೀಲಿಕೈಯನ್ನು ಒಯ್ದು ಒಬ್ಬನ ಕೈಗೆ ಕೊಟ್ಟಿದ್ದರು. ಅಲ್ಲಿ ಮುರಿದದ್ದು ಬ್ಲಾಕ್‌ಚೈನ್ ಅಲ್ಲ. ಅದರ ಹೊರಗೆ ಒಬ್ಬ ಮನುಷ್ಯ ತನ್ನ ಬಳಿ ಇಟ್ಟುಕೊಂಡಿದ್ದ ಲೆಕ್ಕ ಮುರಿಯಿತು.

ಅದೇ ನವೆಂಬರ್ 29ರಂದು ಮೇರ್ಸ್ಕ್ ಹಡಗು ಸಂಸ್ಥೆಯೂ ಐಬಿಎಂ ಕೂಡ ತಮ್ಮ ಟ್ರೇಡ್‌ಲೆನ್ಸ್ ಎಂಬ ಬ್ಲಾಕ್‌ಚೈನನ್ನು ಮುಚ್ಚುವುದಾಗಿ ಪ್ರಕಟಿಸಿದವು. ಜಗತ್ತಿನ ಕಂಟೇನರ್ ಸಾಗಾಟದ ಕಾಗದ-ಪತ್ರಗಳನ್ನೆಲ್ಲ ಒಂದೆಡೆ ತರುವುದು ಅದರ ಉದ್ದೇಶ, 2018ರಿಂದ ನಡೆದಿತ್ತು. ತಂತ್ರಜ್ಞಾನ ಕೆಲಸ ಮಾಡಿತು, ಆದರೆ ಇಡೀ ಉದ್ಯಮದ ಸಹಕಾರ ಸಿಗಲಿಲ್ಲವೆಂದು ಮುಚ್ಚಿದವರೇ ಹೇಳಿದರು. ಸಹಕಾರ ಯಾಕೆ ಸಿಗಲಿಲ್ಲವೆಂದು ಊಹಿಸಲು ಪಂಡಿತರು ಬೇಕಿಲ್ಲ. ಪೇಟೆಯ ಒಬ್ಬ ದೊಡ್ಡ ಮಂಡಿಯವನು, "ಎಲ್ಲ ಮಂಡಿಗಳ ಲೆಕ್ಕವನ್ನೂ ನನ್ನ ಪುಸ್ತಕದಲ್ಲಿ ಬರೆಯಿರಿ, ಚಂದವಾಗಿ ಇಟ್ಟಿರುತ್ತೇನೆ" ಎಂದರೆ ಉಳಿದ ಮಂಡಿಯವರು ಎಷ್ಟು ಉತ್ಸಾಹದಿಂದ ಬರೆದಾರು? ನಮ್ಮ ಅಭಿಪ್ರಾಯದಲ್ಲಿ ಎರಡೂ ಮನೆಗಳು ಬಿದ್ದದ್ದು ಒಂದೇ ಕಾರಣಕ್ಕೆ. ಒಂದರಲ್ಲಿ ಮೋಸವಿತ್ತು, ಇನ್ನೊಂದರಲ್ಲಿ ಇರಲಿಲ್ಲ ನಿಜ. ಪುಸ್ತಕ ಒಂದು ಕೈಯಲ್ಲಿ ಇದ್ದದ್ದು ಮಾತ್ರ ಎರಡರಲ್ಲೂ ಸಮಾನ. (ಅದೇ ತಿಂಗಳು ಆಸ್ಟ್ರೇಲಿಯದ ಷೇರುಪೇಟೆಯೂ ತನ್ನ ಬ್ಲಾಕ್‌ಚೈನ್ ಯೋಜನೆಯನ್ನು ನಿಲ್ಲಿಸಿ ಸುಮಾರು 25 ಕೋಟಿ ಆಸ್ಟ್ರೇಲಿಯನ್ ಡಾಲರನ್ನು ನಷ್ಟಕ್ಕೆ ಬರೆದುಕೊಂಡಿತು. ಅದರ ಕಾರಣ ಬೇರೆ, ಕೆಲಸವೇ ಕೈಮೀರಿ ಜಟಿಲವಾಯಿತು.)

ಇದೆಲ್ಲ ದೂರದ ದೇಶದ ಮಾತು, ನಮಗೇನು ಎಂದು ಸದಸ್ಯರು ಕೇಳಬಹುದು. ಕೇಳಬೇಕಾದದ್ದೇ. ನಮ್ಮ ಕಾಫಿಯ ಬಹುಭಾಗ ಹೊರದೇಶಕ್ಕೆ ಹೋಗುತ್ತದೆ. ಇಟಲಿ, ಜರ್ಮನಿ ಮುಖ್ಯ ಗಿರಾಕಿಗಳು. ಯುರೋಪಿನ ಒಕ್ಕೂಟ 2023ರಲ್ಲಿ ಅರಣ್ಯನಾಶ ತಡೆಯ ಕಾನೂನೊಂದನ್ನು ಮಾಡಿದೆ. 2020ರ ಡಿಸೆಂಬರ್ 31ರ ನಂತರ ಕಾಡು ಕಡಿದ ಜಾಗದಲ್ಲಿ ಬೆಳೆದ ಕಾಫಿ ಅಲ್ಲಿಗೆ ಹೋಗುವಂತಿಲ್ಲ, ಬೆಳೆದ ದೇಶದ ಕಾನೂನಿಗೂ ಅದು ಒಳಪಟ್ಟಿರಬೇಕು. ಇದಕ್ಕೆ ರುಜುವಾತಾಗಿ ಪ್ರತಿ ತೋಟದ ಸ್ಥಾನ ಕೊಡಬೇಕು. 4 ಹೆಕ್ಟೇರಿಗೆ, ಅಂದರೆ ಸುಮಾರು 10 ಎಕರೆಗೆ ಮೀರಿದ ತುಂಡಾದರೆ ಸುತ್ತಿನ ಗಡಿರೇಖೆ ಬೇಕು, ಅದಕ್ಕೆ ಒಳಪಟ್ಟದ್ದಾದರೆ ಒಂದು ಬಿಂದು ಸಾಕು. ಕಾನೂನಿನ ಜಾರಿ ಎರಡು ಸಲ ಮುಂದಕ್ಕೆ ಹೋಗಿ, 2025ರ ಡಿಸೆಂಬರಿನಲ್ಲಿ ಮಾಡಿದ ತಿದ್ದುಪಡಿಯಂತೆ ದೊಡ್ಡ ಮತ್ತು ಮಧ್ಯಮ ಸಂಸ್ಥೆಗಳಿಗೆ 2026ರ ಡಿಸೆಂಬರ್ 30 ಎಂದು ಗೊತ್ತಾಗಿದೆ. ಒಂದು ಮಾತನ್ನು ಸ್ಪಷ್ಟವಾಗಿ ತಿಳಿದಿರಬೇಕು: ಈ ಕಾನೂನು ತೋಟದ ಸ್ಥಾನವನ್ನು ಕೇಳುತ್ತದೆಯೇ ಹೊರತು ಬ್ಲಾಕ್‌ಚೈನನ್ನು ಎಲ್ಲೂ ಕೇಳುವುದಿಲ್ಲ. ಬ್ಲಾಕ್‌ಚೈನಿಗೆ ಸೇರದಿದ್ದರೆ ನಿಮ್ಮ ಕಾಫಿ ಹಡಗು ಹತ್ತುವುದಿಲ್ಲವೆಂದು ಯಾರಾದರೂ ಹೆದರಿಸಿದರೆ ನಂಬಬೇಡಿ.

ಪಹಣಿಯಲ್ಲಿರುವ ಎಕರೆಯೂ ತೋಟದಲ್ಲಿರುವ ಎಕರೆಯೂ ಎಲ್ಲರಲ್ಲೂ ಒಂದೇ ಅಲ್ಲವೆಂಬುದನ್ನು ಈ ಪತ್ರಿಕೆಯ ಓದುಗರಿಗೆ ನಾವು ತಿಳಿಸಬೇಕಾಗಿಲ್ಲ. ಕುಮ್ಕಿ, ಬಾಣೆ, ಸೊಪ್ಪಿನಬೆಟ್ಟ, ಪೋಡಿಯಾಗದ ಜಂಟಿ ಖಾತೆ, ಫಾರಂ 50, 53, 57ರಲ್ಲಿ ಕೊಟ್ಟ ಅರ್ಜಿಗಳು ಇವೆಲ್ಲ ಮನೆಮನೆಯ ಕಥೆ. ಅಜ್ಜನ ಕಾಲದಲ್ಲಿ ಗಿಡ ನೆಟ್ಟ ಜಾಗವಾದ್ದರಿಂದ ಕಾಡು ಕಡಿದದ್ದರ ಪ್ರಶ್ನೆ ಬಾರದಿರಬಹುದು, ಆದರೆ ಹಕ್ಕಿನ ಪ್ರಶ್ನೆ ಇನ್ನೂ ಇತ್ಯರ್ಥವಾಗಿಲ್ಲ. ಇಂಥ ತೋಟದ ಗಡಿಯನ್ನು ಮಾಲೀಕರ ಹೆಸರಿನ ಜೊತೆ, ಅಳಿಸಲು ಬಾರದ ಪುಸ್ತಕದಲ್ಲಿ, ನಾವು ನೋಡಲಾಗದ ಕಡೆ ಬರೆದಿಡಿಸಿದರೆ ನಾಳೆ ಅದನ್ನು ಯಾರು ಯಾವ ಕೆಲಸಕ್ಕೆ ಬಳಸುತ್ತಾರೆ? ಅಣ್ಣತಮ್ಮಂದಿರು ಪಾಲಾದಾಗ ತಿದ್ದುವವರು ಯಾರು? ಸರ್ವೆಯವರ ತಪ್ಪಿನಿಂದ ಪಕ್ಕದ ಸರ್ವೆ ನಂಬರು ಸೇರಿಹೋದರೆ? 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ತನ್ನ ವಿವರವನ್ನು ತಿದ್ದಿಸುವ, ಅಳಿಸುವ ಹಕ್ಕನ್ನು ಹೇಳುತ್ತದೆ. ಅಳಿಸಲಾಗದು ಎಂಬುದೇ ಬ್ಲಾಕ್‌ಚೈನಿನ ಹೆಗ್ಗಳಿಕೆ. ಹಾವೂ ಸಾಯದಂತೆ ಕೋಲೂ ಮುರಿಯದಂತೆ ಇದನ್ನು ಹೊಂದಿಸುವುದು ಹೇಗೆ?

ದಾರಿ ಇದೆ. ಅದು ಎರಡು ಪಂಥಗಳ ನಡುವಿನ ಸಂಕದ ಮೇಲಿದೆ. 2020ರ ಮಾರ್ಚಿನಲ್ಲಿ ಇವೈ, ಕನ್ಸೆನ್ಸಿಸ್, ಮೈಕ್ರೋಸಾಫ್ಟ್ ಸಂಸ್ಥೆಗಳು ಸೇರಿ ಬೇಸ್‌ಲೈನ್ ಪ್ರೊಟೊಕಾಲ್ ಎಂಬ ಪದ್ಧತಿಯನ್ನು ಪ್ರಕಟಿಸಿದವು. ಅದರ ತಿರುಳು ಇಷ್ಟೇ: ಕಾಗದ-ಪತ್ರ ಅವರವರ ಮನೆಯಲ್ಲೇ ಇರಲಿ, ಅದರ ಹೆಬ್ಬೆಟ್ಟಿನ ಗುರುತನ್ನು ಮಾತ್ರ ಎಲ್ಲರೂ ನೋಡಬಹುದಾದ, ಉತ್ಸಾಹಿಗಳು ಕಾವಲಿರುವ ತೆರೆದ ಪುಸ್ತಕದಲ್ಲಿ ಬರೆದಿಡೋಣ. ನಮ್ಮ ಲೆಕ್ಕಕ್ಕೆ ಹೇಳುವುದಾದರೆ, ಸದಸ್ಯರ ಪಹಣಿ, ನಕ್ಷೆ, ಒಪ್ಪಿಸಿದ ಕಾಫಿಯ ತೂಕ, ಔಟ್‌ಟರ್ನ್ ಎಲ್ಲವೂ ಸಂಘದ ಬೀರುವಿನಲ್ಲಿ. 64 ಅಕ್ಷರದ ಗುರುತು ಮಾತ್ರ ಹೊರಗೆ. ಕೊಳ್ಳುವವನಿಗೆ ಸಂಶಯ ಬಂದರೆ, ಸದಸ್ಯರ ಒಪ್ಪಿಗೆ ಪಡೆದು ಮೂಲ ಕಾಗದ ತೋರಿಸುತ್ತೇವೆ. ಅವನು ಗುರುತು ತೆಗೆದು ಹೊರಗಿನದರ ಜೊತೆ ತಾಳೆ ನೋಡಲಿ. ಸರಿಹೊಂದಿದರೆ ಆ ತಾರೀಖಿನ ನಂತರ ಯಾರೂ, ನಮ್ಮ ಗುಮಾಸ್ತರೂ ಸೇರಿ, ಒಂದಕ್ಷರವನ್ನೂ ತಿದ್ದಿಲ್ಲವೆಂದಾಯಿತು. ಅವನು ನಮ್ಮನ್ನು ನಂಬಬೇಕಿಲ್ಲ, ನಾವು ಅವನನ್ನು ನಂಬಬೇಕಿಲ್ಲ. ಸದಸ್ಯರು ವಿವರ ಅಳಿಸಿ ಎಂದರೆ ಬೀರುವಿನ ಕಾಗದ ತೆಗೆದರಾಯಿತು. ಹೊರಗೆ ಉಳಿಯುವುದು ಯಾರಿಗೂ ಬಿಡಿಸಲಾಗದ ಒಂದು ಸಾಲು. ಒಂದು ಎಚ್ಚರಿಕೆ ಮಾತ್ರ ಬೇಕು. ಬರೀ ಸರ್ವೆ ನಂಬರಿನಂಥ ಸಣ್ಣ ಸಂಗತಿಯ ಗುರುತಾದರೆ ಒಂದು ಹೋಬಳಿಯ ಎಲ್ಲ ನಂಬರುಗಳನ್ನೂ ಒಂದೊಂದಾಗಿ ಹಾಕಿ ನೋಡಿ ಯಾವುದೆಂದು ಕಂಡುಹಿಡಿದುಬಿಡಬಹುದು. ಆದ್ದರಿಂದ ಪ್ರತಿ ಕಾಗದಕ್ಕೂ ಒಂದು ಗುಟ್ಟಿನ ಸಂಖ್ಯೆಯನ್ನು ಬೆರೆಸಿಯೇ ಗುರುತು ತೆಗೆಯಬೇಕು.

ಇದನ್ನು ಬರೆದು ನಮ್ಮ ಹುಡುಗರಿಗೆ ತೋರಿಸಿದಾಗ ಅವರಿಗೆ ಖುಷಿಯಾಯಿತು. ಟ್ಯಾಬಿನವರಿಗೆ ಅಷ್ಟಾಗಿ ಆಗಲಿಲ್ಲ. ಅವರು ಕೊಡುವ ಕರಾರುಪತ್ರಗಳಲ್ಲಿ ವಿವರ ಕೊಡುವ ಬಾಧ್ಯತೆ ಮಾತ್ರ ನಮ್ಮದು, ಪುಸ್ತಕ ನೋಡುವ ಹಕ್ಕಿನ ಮಾತೇ ಇಲ್ಲ. ಲೆಕ್ಕಕ್ಕುಂಟು ಆಟಕ್ಕಿಲ್ಲ. ಕರಾರಿನಲ್ಲಿ ಬರಲೇಬೇಕಾದ ಸಂಗತಿಗಳನ್ನು ಆಡಳಿತ ಮಂಡಳಿಯ ಮುಂದೆ ಇಟ್ಟಿದ್ದೇವೆ. ಸದಸ್ಯರ ಬಗ್ಗೆ ಏನೇ ಬರೆದರೂ ಅದರ ಪೂರ್ತಿ ನಕಲು ಸಂಘದ ಗಣಕಯಂತ್ರದಲ್ಲೂ ಇರಬೇಕು, ಕಂಪೆನಿ ನಾಳೆ ಅಂಗಡಿ ಮುಚ್ಚಿದರೂ ನಮ್ಮಲ್ಲಿ ಅದು ಓದಲು ಬರಬೇಕು. ತಪ್ಪಿದ್ದರೆ ಹೊಸ ನಮೂದಿನಿಂದ ತಿದ್ದುವ ಕ್ರಮ ಬೇಕು. ಕಿರ್ದಿಯಲ್ಲಿ ಗೆರೆ ಎಳೆದು ಚಿಕ್ಕ ಸಹಿ ಹಾಕುತ್ತೇವಲ್ಲ, ಹಾಗೆ. ಜಗಳವಾದರೆ ಕರ್ನಾಟಕದ ನ್ಯಾಯಾಲಯದಲ್ಲಿ ನಿಂತು ಉತ್ತರ ಕೊಡುವ ಹೆಸರು-ವಿಳಾಸ ಇರುವ ವ್ಯಕ್ತಿ ಬೇಕು. ಈ ಕೊನೆಯದನ್ನು ಕೇಳುವಾಗ ನಾವು ಉದ್ಯಮದವರ ಪಕ್ಷ. ಕಾಣದ ಸತೋಶಿಯ ಮೇಲೆ ದಾವೆ ಹೂಡಲು ಆಗುವುದಿಲ್ಲ.

ಇಷ್ಟೆಲ್ಲ ಆದರೂ ಬ್ಲಾಕ್‌ಚೈನ್ ಮಾಡಲಾರದ್ದು ಒಂದಿದೆ. ಬರೆದದ್ದನ್ನು ಅದು ಕಾಯುತ್ತದೆ. ಬರೆದದ್ದು ನಿಜವೇ ಎಂದು ಅದಕ್ಕೆ ತಿಳಿಯದು. ಸರಿಯಾಗಿ ಒಣಗದ ಪಾರ್ಚ್‌ಮೆಂಟನ್ನು ಒಣಗಿದೆಯೆಂದು ಬರೆದರೆ ಆ ಸುಳ್ಳೂ ಶಾಶ್ವತವಾಗಿ ನಿಲ್ಲುತ್ತದೆ. ಪಕ್ಕದವರ ಹತ್ತು ಚೀಲ ರೊಬಸ್ಟಾ ನಮ್ಮ ಖಾತೆಯಲ್ಲಿ ತೂಗಿದರೆ ಅದೂ ಹಾಗೆಯೇ. ಆದ್ದರಿಂದ ತಕ್ಕಡಿಯ ಮುಂದೆ ಕೂರುವವನ ನಿಯತ್ತು, ತೇವಾಂಶ ಅಳೆಯುವ ಮೀಟರಿನ ಸರಿತನ, ಚೀಟಿಯ ಎರಡನೆಯ ಪ್ರತಿ ಕೈಗೆ ಬರುವವರೆಗೆ ಸದಸ್ಯರು ನಿಂತು ನೋಡುವುದು, ಇವಕ್ಕೆ ಬದಲಿ ಇಲ್ಲ. ಟ್ಯಾಬಿಗೆ ಖರ್ಚು ಮಾಡುವ ಮೊದಲು ಆ ಮೀಟರಿಗೆ ಖರ್ಚು ಮಾಡೋಣವೆಂದು ನಾವು ಹೇಳುತ್ತಲೇ ಬಂದಿದ್ದೇವೆ.

ಅಡಿಕೆಯ ಸದಸ್ಯರಿಗೆ ಯುರೋಪಿನ ಈ ಕಾನೂನು ತಟ್ಟುವುದಿಲ್ಲ, ಅದರ ಪಟ್ಟಿಯಲ್ಲಿ ಅಡಿಕೆ ಇಲ್ಲ. ಆದರೆ ಆಮದಿಗೆ 2023ರಿಂದ ಕಿಲೋಗೆ 351 ರೂ. ಕನಿಷ್ಠ ದರ ಗೊತ್ತುಮಾಡಿದ್ದರೂ ಹೊರಗಿನ ಮಾಲು ಕಳ್ಳದಾರಿಯಲ್ಲಿ ಬಂದು ನಮ್ಮದರ ಜೊತೆ ಬೆರೆಯುತ್ತಿದೆಯೆಂಬ ದೂರು ನಿಂತಿಲ್ಲ. ಇದು ಈ ಊರಿನ ಅಡಿಕೆಯೆಂದು ರುಜುವಾತು ಮಾಡುವ ಅಗತ್ಯ ನಮಗೇ ಬರಬಹುದು. ಆಗಲೂ ಇದೇ ಷರತ್ತುಗಳು.

ಹುಡುಗರ ಕೋರಿಕೆಗೂ ಉತ್ತರ ಹೇಳಿಬಿಡೋಣ. ಸಂಘದ ಹಣವನ್ನು ಸಹಕಾರ ಕಾಯ್ದೆ ಗೊತ್ತುಮಾಡಿದ ಕಡೆಯಲ್ಲೇ ಹೂಡಬೇಕು. ಬಿಟ್‌ಕಾಯಿನ್ ಅದರಲ್ಲಿ ಬರುವುದಿಲ್ಲ. ಸ್ವಂತ ಹಣದಲ್ಲಿ ಕೊಳ್ಳುವವರನ್ನು ತಡೆಯಲು ನಾವು ಯಾರು? 2018ರಲ್ಲಿ ರಿಸರ್ವ್ ಬ್ಯಾಂಕು ಹಾಕಿದ್ದ ನಿರ್ಬಂಧವನ್ನು 2020ರ ಮಾರ್ಚಿನಲ್ಲಿ ಸುಪ್ರೀಂ ಕೋರ್ಟು ರದ್ದು ಮಾಡಿದೆ. ಆದರೆ 2022ರಿಂದ ಲಾಭಕ್ಕೆ ಶೇ. 30 ತೆರಿಗೆ, ಮಾರುವಾಗ ಶೇ. 1 ಮೂಲದಲ್ಲೇ ಕಡಿತ. ನಷ್ಟವಾದರೆ ಅದನ್ನು ಇನ್ನಾವ ಲಾಭದಲ್ಲೂ ವಜಾ ಮಾಡಿಕೊಳ್ಳುವಂತಿಲ್ಲ. 2021ರ ನವೆಂಬರಿನಲ್ಲಿ 68 ಸಾವಿರ ಡಾಲರ್ ದಾಟಿದ್ದ ಬಿಟ್‌ಕಾಯಿನ್ ಮರುವರ್ಷ 16 ಸಾವಿರದ ಆಸುಪಾಸಿಗೆ ಇಳಿದು, 2024ರ ಡಿಸೆಂಬರಿನಲ್ಲಿ ಲಕ್ಷ ದಾಟಿತು. ಕರಿಮೆಣಸಿನ ಏರಿಳಿತ ಕಂಡವರಿಗೂ ಇದು ತಲೆ ತಿರುಗಿಸುವಂಥದು. 2024ರ ಜುಲೈನಲ್ಲಿ ನಮ್ಮ ದೇಶದ್ದೇ ವಿನಿಮಯ ಸಂಸ್ಥೆ ವಜೀರ್‌ಎಕ್ಸ್‌ನಿಂದ ಸುಮಾರು 2,000 ಕೋಟಿ ರೂ. ಬೆಲೆಯ ನಾಣ್ಯ ಕಳವಾಯಿತು. ಮಗಳ ಮದುವೆಗೆ ಕೂಡಿಟ್ಟದ್ದು, ಬೆಳೆಸಾಲ ತೆಗೆದದ್ದು ಅದರಲ್ಲಿ ಹೋಗದಿರಲಿ. ಆ ಹುಡುಗರ ಬುದ್ಧಿ ನಮಗೆ ಬೇರೆ ಕೆಲಸಕ್ಕೆ ಬೇಕು. ಕರಾರುಪತ್ರ ಬಂದಾಗ ಅದರ ಹಿಂದಿನ ಯಂತ್ರ ನಿಜವಾಗಿ ಏನು ಮಾಡುತ್ತದೆಂದು ಓದಿ ಹೇಳಬಲ್ಲವರು ಅವರೇ. ಇಬ್ಬರು ಮೂವರು ಒಪ್ಪಿದ್ದಾರೆ, ಸಂಬಳವಿಲ್ಲದೆ.

ಈ ವಿಷಯ ಬರುವ ವಾರ್ಷಿಕ ಮಹಾಸಭೆಯ ಕಾರ್ಯಸೂಚಿಯಲ್ಲಿದೆ. ಅದರೊಳಗೆ ಯಾವ ಸದಸ್ಯರೂ ಖಾಸಗಿಯಾಗಿ ತೋಟದ ನಕ್ಷೆ ಕೊಟ್ಟು ಸಹಿ ಮಾಡಬೇಡಿರೆಂದು ವಿನಂತಿ. ಈಗಾಗಲೇ ಮಾಡಿದ್ದರೆ ಗಾಬರಿ ಬೇಡ. ಸಹಿ ಮಾಡಿದ ಕಾಗದದ ನಕಲನ್ನು ಕೇಳಿ ಪಡೆದು ಕಚೇರಿಗೆ ತಂದುಕೊಡಿ. ನಕಲು ಕೊಡಲು ಒಪ್ಪದಿದ್ದರೆ ಅವರ ಹೆಸರನ್ನೂ ಬಂದ ತಾರೀಖನ್ನೂ ಬರೆದು ತನ್ನಿ.